ಪಿತ್ತಕೋಶದ ನಳಿಕೆಯೂ ವೈಯಾವೃತ್ತ್ಯದ ಹೊಣೆಯೂ

ರೋಗಿಯ ಸೇವೆಯನ್ನು ಜೈನಧರ್ಮವು ಬರಿಯ ಉಪಕಾರವೆಂದು ಎಣಿಸಿಲ್ಲ, ತಪಸ್ಸೆಂದು ಎಣಿಸಿದೆ. ಪ್ರಾಯಶ್ಚಿತ್ತ, ವಿನಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನಗಳೊಡನೆ ವೈಯಾವೃತ್ತ್ಯವೂ ಆರು ಅಂತರಂಗ ತಪಗಳಲ್ಲಿ ಒಂದು. ತಪಸ್ಸೆಂದ ಮೇಲೆ ಅಲ್ಲಿ ಪ್ರೀತಿಯೊಂದೇ ಸಾಲದು. ಅರಿವು ಬೇಕು, ಎಚ್ಚರ ಬೇಕು, ಕೈಗೊಂಡ ಕೆಲಸ ಮುಗಿಯುವವರೆಗೆ ಬಿಡದ ತಾಳ್ಮೆ ಬೇಕು. ಈ ಮಾತು ಶ್ರಾವಕರಿಗೆ ಹೊಸತಲ್ಲ. ಆದರೆ ಕೇಳಿದ ಮಾತು ಮನಸ್ಸಿಗೆ ನಾಟುವುದು ಮನೆಯಲ್ಲಿಯೇ ಹಿರಿಯರೊಬ್ಬರು ಹಾಸಿಗೆ ಹಿಡಿದಾಗ. ದಂಡೋತಿಯ ಒಂದು ಮನೆಯಲ್ಲಿ ಹಾಗಾಯಿತು.

ದಂಡೋತಿ ಚಿತ್ತಾಪುರ ತಾಲೂಕಿನ, ಕಾಗಿಣಾ ನದಿಯ ದಡದ ಊರು. ಇದೇ ನದಿಯ ದಡದಲ್ಲಿ ಸೇಡಂ ತಾಲೂಕಿನ ಮಳಖೇಡವಿದೆ. ರಾಷ್ಟ್ರಕೂಟರ ಮಾನ್ಯಖೇಟವೆಂದು ಹೆಸರಾದ ಆ ಊರಿನ ನೇಮಿನಾಥ ಬಸದಿಗೆ ಸುತ್ತಲಿನ ಜೈನ ಮನೆತನಗಳು ಇಂದಿಗೂ ದರ್ಶನಕ್ಕೆ ಹೋಗುತ್ತವೆ. ಈ ಮನೆಯ ಹಿರಿಯ ತಾಯಿಯೂ ಎಪ್ಪತ್ತೆಂಟರ ವಯಸ್ಸಿನವರೆಗೆ ಆ ಪದ್ಧತಿಯನ್ನು ತಪ್ಪಿಸಿದವರಲ್ಲ. ಮಗ ತೊಗರಿಯ ವ್ಯಾಪಾರಿ. ಸೊಸೆ ಅತ್ತೆಯ ವ್ರತನಿಯಮಗಳಿಗೆ ಕೊರತೆಯಾಗದಂತೆ ಅಡುಗೆಮನೆಯನ್ನು ನಡೆಸಿಕೊಂಡು ಬಂದವಳು. ಪ್ರೀತಿಗೆ ಆ ಮನೆಯಲ್ಲಿ ಬಡತನವಿರಲಿಲ್ಲ.

ಈಚಿನ ಒಂದು ಆಷಾಢದಲ್ಲಿ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ ಸಾಮಾಯಿಕಕ್ಕೆ ಕುಳಿತಿದ್ದ ತಾಯಿಗೆ ಬಲಪಕ್ಕೆಲುಬಿನ ಕೆಳಗೆ ನೋವು ಕಾಣಿಸಿಕೊಂಡಿತು. ವಾಯುವೆಂದು ಬಗೆದು ಮರುದಿನ ಓಮದ ನೀರು ಕೊಟ್ಟರು. ಮೂರನೆಯ ದಿನಕ್ಕೆ ಚಳಿಜ್ವರ ಬಂದು ಮಾತು ತೊದಲಿತು. ಕಲಬುರಗಿಯ ಆಸ್ಪತ್ರೆಯೊಂದಕ್ಕೆ ಕರೆದೊಯ್ದು ಸ್ಕ್ಯಾನಿಂಗ್ ಮಾಡಿಸಿದಾಗ, ಪಿತ್ತಕೋಶದ ಕೊರಳಿನಲ್ಲಿ ಕಲ್ಲು ಸಿಕ್ಕಿಕೊಂಡಿರುವುದೂ, ಕೋಶವು ಊದಿ ಗೋಡೆ ದಪ್ಪನಾಗಿರುವುದೂ ಕಂಡಿತು. ಸೋಂಕು ರಕ್ತಕ್ಕೆ ಇಳಿಯತೊಡಗಿತ್ತು.

ಪಿತ್ತಕೋಶವು ಯಕೃತ್ತಿನ ಅಡಿಯಲ್ಲಿರುವ ಸಣ್ಣ ಚೀಲ. ಯಕೃತ್ತು ದಿನವೊಂದಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸವನ್ನು ಸ್ರವಿಸುತ್ತದೆ. ಅದರ ಒಂದು ಪಾಲನ್ನು ಈ ಚೀಲವು ಕೂಡಿಟ್ಟು, ಉಂಡ ಬಳಿಕ ಕರುಳಿಗೆ ಬಿಡುತ್ತದೆ. ಅದರ ಬಾಯಿಗೆ ಕಲ್ಲು ಅಡ್ಡಬಂದರೆ ಒಳಗಿನ ರಸ ನಿಂತು ಕೆಡುತ್ತದೆ, ಕೀವಾಗುತ್ತದೆ, ಕೆಲವೊಮ್ಮೆ ಗೋಡೆಯೇ ಕೊಳೆತು ಒಡೆಯುತ್ತದೆ. ಇದಕ್ಕೆ ನೆಲೆಯಾದ ಪರಿಹಾರವೆಂದರೆ ಪಿತ್ತಕೋಶವನ್ನೇ ತೆಗೆದುಬಿಡುವುದು. 1882ರಲ್ಲಿ ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್ ಎಂಬ ಶಸ್ತ್ರವೈದ್ಯರು ಮೊದಲಬಾರಿಗೆ ಅದನ್ನು ಮಾಡಿ ತೋರಿಸಿದರು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಅವರು ಹೊಟ್ಟೆಯನ್ನು ಕೊಯ್ಯದೆ ಸಣ್ಣ ರಂಧ್ರಗಳ ಮೂಲಕ ಅದನ್ನು ತೆಗೆದರು. ಭಾರತದಲ್ಲಿ 1990ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉಡ್ವಾಡಿಯಾ ಅವರು ಈ ಲ್ಯಾಪರೋಸ್ಕೋಪಿಕ್ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. ಇಂದು ಅದು ಜಿಲ್ಲಾ ಕೇಂದ್ರಗಳಲ್ಲಿಯೂ ನಡೆಯುವ ನಿತ್ಯದ ಕೆಲಸ.

ಆದರೆ ದಂಡೋತಿಯ ಈ ತಾಯಿಗೆ ಐದು ತಿಂಗಳ ಹಿಂದಷ್ಟೇ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಲಾಗಿತ್ತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಬಗೆಯ ಮಾತ್ರೆಗಳು ನಡೆದಿದ್ದವು. ಮಧುಮೇಹ ಇಪ್ಪತ್ತು ವರ್ಷದ್ದು, ಮೂತ್ರಪಿಂಡಗಳೂ ಬಲಗುಂದಿದ್ದವು. ಪೂರ್ಣ ಅರಿವಳಿಕೆಯನ್ನು ಆ ಹೃದಯ ತಡೆದುಕೊಳ್ಳದೆಂದು ವೈದ್ಯರಿಗೆ ತೋರಿತು. ಇಂತಹ ಅಪಾಯದ ರೋಗಿಗಳಿಗಾಗಿಯೇ ಇನ್ನೊಂದು ದಾರಿಯಿದೆ. ಸ್ಕ್ಯಾನಿಂಗ್ ಯಂತ್ರದಲ್ಲಿ ನೋಡುತ್ತ, ಚರ್ಮವನ್ನಷ್ಟೇ ಮರಗಟ್ಟಿಸಿ, ಪಕ್ಕೆಲುಬುಗಳ ಬಳಿಯಿಂದ ಸೂಜಿಯನ್ನು ಪಿತ್ತಕೋಶದೊಳಕ್ಕೆ ಇಳಿಸಿ, ಅದರ ದಾರಿಯಲ್ಲಿಯೇ ತೆಳುವಾದ ನಳಿಕೆಯೊಂದನ್ನು ಕೂರಿಸುವುದು. 8 ಫ್ರೆಂಚ್ ಅಳತೆಯ ನಳಿಕೆಯೆಂದರೆ ಸುಮಾರು 2.7 ಮಿಲಿಮೀಟರ್ ದಪ್ಪ. ಅದರ ತುದಿ ಒಳಗೆ ಸುರುಳಿಯಾಗಿ ನಿಲ್ಲುತ್ತದೆ. ಹೊರತುದಿಗೆ ಚೀಲ ಕಟ್ಟುತ್ತಾರೆ. ಕೆಟ್ಟ ರಸ ಹರಿದುಹೋದರೆ ಜ್ವರ ಇಳಿಯುತ್ತದೆ.

ಮಗನಿಗೆ ಇದನ್ನು ಕೇಳಿ ಹೋದ ಜೀವ ಬಂದಂತಾಯಿತು. ಕಾಗದಗಳಿಗೆ ಸಹಿ ಮಾಡಿದನು. ಅದರಲ್ಲಿ ಏನಿದೆಯೆಂದು ಓದಲಿಲ್ಲ. ತಾಯಿಯ ಬಳಿ ಹೋಗಿ, “ಆಪರೇಷನ್ ಇಲ್ಲಂತ ಅವ್ವ. ಬರೀ ಒಂದು ಸೂಜಿ ಅಂತ. ವಾರದಾಗ ಎಲ್ಲ ತೆಗೀತಾರ,” ಎಂದನು. ವಾರದಲ್ಲಿ ತೆಗೆಯುವರೆಂದು ಯಾರೂ ಅವನಿಗೆ ಹೇಳಿರಲಿಲ್ಲ. ತಾಯಿ ಹೆದರದಿರಲೆಂದು ಆಡಿದ ಮಾತು ಅದು.

ನಳಿಕೆಯು ತನ್ನ ಕೆಲಸವನ್ನು ಮಾಡಿತು. ಎರಡು ದಿನಗಳಲ್ಲಿ ಜ್ವರ ಇಳಿಯಿತು. ತಾಯಿ ಎದ್ದು ಕುಳಿತು ಣಮೋಕಾರ ಮಂತ್ರವನ್ನು ಹೇಳಿಕೊಂಡರು. ಆ ದಿನ ಆ ನಳಿಕೆಯಿಲ್ಲದಿದ್ದರೆ ಅವರು ಉಳಿಯುತ್ತಿದ್ದರೋ ಇಲ್ಲವೋ. ಆದುದರಿಂದ ಈ ಚಿಕಿತ್ಸೆಯನ್ನು ಹಳಿಯುವುದು ಸಲ್ಲದು. ತಪ್ಪು ನಡೆದದ್ದು ಅಲ್ಲಿಂದ ಮುಂದೆ. ಆರನೆಯ ದಿನ ಮನೆಗೆ ಕಳಿಸಿದರು. ಇಂಗ್ಲಿಷಿನಲ್ಲಿ ಬರೆದ ಕಾಗದವೊಂದು ಕಡತದೊಳಗೆ ಮಡಚಿ ಕುಳಿತಿತು. ನಳಿಕೆಯನ್ನು ಎಂದು ತೆಗೆಯುವುದು, ಕಲ್ಲಿನ ಗತಿಯೇನು, ನಳಿಕೆ ಜಾರಿದರೆ ಏನು ಮಾಡುವುದು ಎಂಬ ಮೂರು ಮಾತುಗಳನ್ನು ಆಸ್ಪತ್ರೆಯವರು ಬಿಡಿಸಿ ಹೇಳಲಿಲ್ಲ, ಮನೆಯವರು ಬಿಡದೆ ಕೇಳಲಿಲ್ಲ. ಬಂಧುಗಳಿಗೆಲ್ಲ ಮಗ ಹೇಳಿದ್ದು ಒಂದೇ ಮಾತು: ಕತ್ತಿ ತಾಗಿಸದೆ ವಾಸಿಯಾಯಿತು.

ಈ ಮಾತಿನ ಹಿಂದೆ ಒಂದು ನಂಬಿಕೆಯಿದೆ. ಗಾಯ ಸಣ್ಣದಾದರೆ ಅಪಾಯವೂ ಸಣ್ಣದು, ಹಿಂಸೆಯೂ ಸಣ್ಣದು ಎಂಬುದೇ ಆ ನಂಬಿಕೆ. ಜೈನ ಮನೆಗಳಲ್ಲಿ ಇದು ಇನ್ನೂ ಬಲವಾಗಿ ಬೇರೂರಿದೆ. ಆದರೆ ಪರಂಪರೆ ಹಾಗೆ ಹೇಳುವುದಿಲ್ಲ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ‘ಕಲ್ಯಾಣಕಾರಕ’ವು ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಚಿಕಿತ್ಸೆ ಹೇಳುವ ವೈದ್ಯಗ್ರಂಥ. ಮಾಂಸಾಹಾರವನ್ನು ಖಂಡಿಸುವ ಅದರ ಹಿತಾಹಿತ ಪ್ರಕರಣವು ನೃಪತುಂಗನ ಸಭೆಯೊಡನೆ ತಳಕು ಹಾಕಿಕೊಂಡಿದೆ. ಅಷ್ಟು ಕಟ್ಟುನಿಟ್ಟಿನ ಆ ಆಚಾರ್ಯರೇ ತಮ್ಮ ಹಿಂದಿನ ಜೈನ ವೈದ್ಯಾಚಾರ್ಯರನ್ನು ನೆನೆಯುವಾಗ, ಶಾಲಾಕ್ಯಕ್ಕೆ ಪೂಜ್ಯಪಾದರನ್ನೂ ಶಲ್ಯತಂತ್ರಕ್ಕೆ ಪಾತ್ರಸ್ವಾಮಿಯನ್ನೂ ಗೌರವದಿಂದ ಹೆಸರಿಸುತ್ತಾರೆ. ಕತ್ತಿಯನ್ನು ಅವರು ಹಿಂಸೆಯೆಂದು ತಳ್ಳಲಿಲ್ಲ. ತತ್ತ್ವಾರ್ಥಸೂತ್ರವೂ ಹಿಂಸೆಯನ್ನು ಅಳೆಯುವುದು ಗಾಯದ ಗಾತ್ರದಿಂದಲ್ಲ. ಪ್ರಮಾದದಿಂದ, ಎಂದರೆ ಎಚ್ಚರಗೇಡಿತನದಿಂದ, ಜೀವಕ್ಕೆ ಒದಗುವ ಕೇಡಿನಿಂದ. ಎಚ್ಚರವಿದ್ದ ಕೈಯ ಕತ್ತಿಯು ಚಿಕಿತ್ಸೆಯಾಗುತ್ತದೆ. ಎಚ್ಚರವಿಲ್ಲದ ಕೈಯಲ್ಲಿ ಮೂರು ಮಿಲಿಮೀಟರಿನ ನಳಿಕೆಯೂ ಹಿಂಸೆಗೆ ಕಾರಣವಾಗುತ್ತದೆ.

ಈ ನಳಿಕೆಯಿಂದ ಏನೇನು ತೊಡಕುಗಳು ಬರಬಹುದೆಂಬುದನ್ನು ತಿಳಿದಿರುವುದು ಹೆದರುವುದಕ್ಕಲ್ಲ, ಎಚ್ಚರದಿಂದಿರುವುದಕ್ಕೆ. ಮೊದಲನೆಯವು ಚುಚ್ಚುವ ಹೊತ್ತಿನವು. ಸೂಜಿಯು ಸಾಮಾನ್ಯವಾಗಿ ಯಕೃತ್ತಿನ ಅಂಚನ್ನು ಹಾಯ್ದು ಹೋಗುತ್ತದೆ. ಯಕೃತ್ತು ರಕ್ತ ತುಂಬಿದ ಅಂಗವಾದ್ದರಿಂದ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ ಹೊಟ್ಟೆಯೊಳಗೆ ಅಥವಾ ಪಿತ್ತನಾಳದೊಳಗೆ ರಕ್ತಸ್ರಾವವಾಗಬಹುದು. ಹಾಗೆಂದು ಆ ಮಾತ್ರೆಗಳನ್ನು ಮನೆಯವರೇ ನಿಲ್ಲಿಸಿದರೆ ಹೊಸ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ಅದನ್ನು ಹೃದಯದ ವೈದ್ಯರೂ ನಳಿಕೆ ಹಾಕುವವರೂ ಕೂಡಿ ನಿರ್ಧರಿಸಬೇಕು. ಯಕೃತ್ತನ್ನು ತಪ್ಪಿಸಿ ನೇರವಾಗಿ ಹೊಟ್ಟೆಯ ಮೂಲಕ ಹೋದರೆ ರಕ್ತಸ್ರಾವದ ಭಯ ಕಡಿಮೆ. ಆದರೆ ಪಿತ್ತರಸ ಸೋರುವ ಮತ್ತು ಕರುಳಿಗೆ ತಾಗುವ ಭಯ ಹೆಚ್ಚು. ಸೂಜಿ ತುಸು ಮೇಲೆ ಹಾಯ್ದರೆ ಶ್ವಾಸಕೋಶದ ಪೊರೆಗೆ ಗಾಳಿ ಸೇರಬಹುದು. ಊದಿದ ಪಿತ್ತಕೋಶವನ್ನು ಮುಟ್ಟಿದೊಡನೆ ಕೆಲವರ ನಾಡಿ ನಿಧಾನವಾಗಿ ರಕ್ತದೊತ್ತಡ ಕುಸಿಯುವುದೂ ಉಂಟು. ಒತ್ತಡದಲ್ಲಿದ್ದ ಕೆಟ್ಟ ರಸ ರಕ್ತಕ್ಕೆ ಸೇರಿ ಮೊದಲ ಕೆಲವು ತಾಸು ಚಳಿಜ್ವರ ಹೆಚ್ಚುವುದೂ ಉಂಟು.

ಎರಡನೆಯವು ಮನೆಗೆ ಬಂದ ಮೇಲಿನವು. ಇವೇ ಹೆಚ್ಚಾಗಿ ಕಾಣುವಂಥವು. ನಳಿಕೆ ಕಟ್ಟಿಕೊಳ್ಳುವುದು, ಮಡಚಿಕೊಳ್ಳುವುದು, ಸುತ್ತಲಿನ ಚರ್ಮ ಕೆಂಪಾಗಿ ಕೀವಾಗುವುದು, ಎಲ್ಲಕ್ಕಿಂತ ಮುಖ್ಯವಾಗಿ ನಳಿಕೆಯೇ ಜಾರಿ ಹೊರಬರುವುದು. ನಳಿಕೆಯ ಸುತ್ತ ದೇಹವು ತನ್ನದೇ ಆದ ಗಟ್ಟಿ ಕಾಲುವೆಯೊಂದನ್ನು ಕಟ್ಟಿಕೊಳ್ಳಲು ಮೂರರಿಂದ ಆರು ವಾರ ಬೇಕು; ಮಧುಮೇಹ ಮತ್ತು ಪೋಷಣೆಯ ಕೊರತೆಯಿದ್ದವರಲ್ಲಿ ಅದು ಇನ್ನೂ ತಡವಾಗುತ್ತದೆ. ಅದಕ್ಕೂ ಮುಂಚೆ ನಳಿಕೆ ಜಾರಿದರೆ ಪಿತ್ತರಸವು ಹೊಟ್ಟೆಯೊಳಗೆ ಸೋರಿ ಉದರಪೊರೆಯ ಉರಿಯೂತವಾಗುತ್ತದೆ. ಇನ್ನೊಂದು ತೊಡಕು ಕಣ್ಣಿಗೆ ಕಾಣದಂಥದು. ಕೋಶದ ಬಾಯಿ ತೆರೆದುಕೊಂಡರೆ ಚೀಲಕ್ಕೆ ದಿನವೂ ನೂರಾರು ಮಿಲಿಲೀಟರ್ ಪಿತ್ತರಸ ಹರಿದುಹೋಗಬಹುದು. ಅದರೊಡನೆ ನೀರೂ ಲವಣಗಳೂ ಹೋಗುತ್ತವೆ. ಸೂರ್ಯಾಸ್ತದ ಬಳಿಕ ನೀರು ಮುಟ್ಟದ, ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸ ಹಿಡಿಯುವ ವೃದ್ಧರಲ್ಲಿ ಇದರಿಂದ ಮೂತ್ರಪಿಂಡ ಕುಂದುವುದು ಬೇಗ. ದಂಡೋತಿಯ ತಾಯಿ ಮನೆಗೆ ಬಂದ ನಾಲ್ಕನೆಯ ದಿನವೇ ಚತುರ್ದಶಿಯ ಉಪವಾಸ ಮಾಡಿದರು. ಚೀಲದಲ್ಲಿ ಎಷ್ಟು ತುಂಬುತ್ತಿದೆಯೆಂದು ಯಾರೂ ಬರೆದಿಡಲಿಲ್ಲ.

ಹನ್ನೆರಡನೆಯ ರಾತ್ರಿ ಮಳೆ ಬಿಡದೆ ಸುರಿಯಿತು. ಕಾಗಿಣಾ ಉಕ್ಕಿದಾಗ ದಂಡೋತಿಯ ಸೇತುವೆ ಮುಳುಗಿ ಸಂಚಾರ ನಿಲ್ಲುವುದು ಆ ಭಾಗದವರೆಲ್ಲರಿಗೂ ತಿಳಿದ ಸಂಗತಿ. ಬಚ್ಚಲಿಗೆ ಹೋಗಲೆಂದು ಎದ್ದ ತಾಯಿಯ ಚೀಲವು ಮಂಚದ ಅಂಚಿಗೆ ಸಿಕ್ಕಿಕೊಂಡಿತು. ತುಸುವೇ ಜಗ್ಗಿತು. ನೋವೂ ಹೆಚ್ಚಾಗಲಿಲ್ಲ. ಸೊಸೆ ನೋಡಿದಾಗ ನಳಿಕೆ ನಾಲ್ಕು ಬೆರಳಿನಷ್ಟು ಹೊರಬಂದಿತ್ತು. ಗಾಬರಿಯಾದ ಮಗ ಅದನ್ನು ಹಿಂದಕ್ಕೆ ತಳ್ಳಲು ನೋಡಿದನು. ಅದು ಮಾಡಬಾರದ ಕೆಲಸ. ತಾಸೆರಡು ತಾಸಿನಲ್ಲಿ ಹೊಟ್ಟೆ ಬಿಗಿಯಿತು, ಬಲಭುಜದವರೆಗೂ ನೋವು ಏರಿತು, ಮೈ ನಡುಗತೊಡಗಿತು. ಕರೆದ 108ರ ವಾಹನವು ಆಚೆಯ ದಡದಲ್ಲಿ ನಿಂತುಬಿಟ್ಟಿತು. ಸೇತುವೆಯ ಮೇಲೆ ನೀರು ಹರಿಯುತ್ತಿತ್ತು.

ಬೆಳಗಾದ ಮೇಲೆ ನೆರೆಯವರ ಜೀಪಿನಲ್ಲಿ ಸುತ್ತು ಹಾದಿ ಹಿಡಿದು ಆಸ್ಪತ್ರೆ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಹೊಟ್ಟೆಯೊಳಗೆ ಪಿತ್ತರಸ ಹರಡಿತ್ತು. ಅದನ್ನು ಬಸಿಯಲು ಒಂದು ನಳಿಕೆ, ಪಿತ್ತಕೋಶಕ್ಕೆ ಹೊಸದೊಂದು ನಳಿಕೆ, ತೀವ್ರ ನಿಗಾ ಘಟಕದಲ್ಲಿ ಒಂಬತ್ತು ದಿನ. ಮೂತ್ರಪಿಂಡಗಳು ಕೆಲಸ ನಿಲ್ಲಿಸುವ ಹಂತಕ್ಕೆ ಹೋಗಿ ಹಿಂದಿರುಗಿದವು. ಕತ್ತಿ ತಾಗಿಸದೆ ವಾಸಿಯಾಯಿತೆಂದಿದ್ದ ಮಗನು ಆ ಒಂಬತ್ತು ದಿನ ಹೊರಗಿನ ಬೆಂಚಿನ ಮೇಲೆ ಕಳೆದನು.

ಆ ಬೆಂಚಿನ ಬಳಿಗೆ ಬಂದ ಬಂಧುಗಳಲ್ಲಿ ಹಿರಿಯರೊಬ್ಬರು ತಗ್ಗಿದ ದನಿಯಲ್ಲಿ ಸಲ್ಲೇಖನದ ಮಾತೆತ್ತಿದರು. ಎಪ್ಪತ್ತೆಂಟು ವರ್ಷ ಧರ್ಮದಿಂದ ಬಾಳಿದ ಜೀವ, ಈ ನಳಿಕೆಗಳ ನಡುವೆ ಏಕೆ ನರಳಬೇಕು ಎಂಬುದು ಅವರ ಕಳಕಳಿ. ಮಗನು ಉತ್ತರ ತಿಳಿಯದೆ ಸುಮ್ಮನಾದನು. ಈ ಪ್ರಶ್ನೆ ಜೈನ ಮನೆಗಳಲ್ಲಿ ಮತ್ತೆ ಮತ್ತೆ ಏಳುವಂಥದು. ಅದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಈ ವ್ರತವನ್ನು ಶಿಕ್ಷಾರ್ಹವೆಂದಾಗ ದೇಶದ ಜೈನ ಸಮಾಜವೆಲ್ಲ ನೊಂದಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ವ್ರತದ ಗೌರವವನ್ನು ಕಾಯುವ ಸಮಾಜವು ಅದರ ಕಟ್ಟಳೆಯನ್ನೂ ಕಾಯಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ತಕ್ಕ ಸಂದರ್ಭಗಳನ್ನು ಹೇಳುವಾಗ, ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಪ್ರತೀಕಾರವಿಲ್ಲದವಾಗಿರಬೇಕೆಂದು ಗೊತ್ತುಪಡಿಸಿದ್ದಾರೆ. ಸಿಕ್ಕಿಕೊಂಡ ಕಲ್ಲಿಗೂ ಜಾರಿದ ನಳಿಕೆಗೂ ಪ್ರತೀಕಾರವಿದೆ. ಮೇಲಾಗಿ ವ್ರತವನ್ನು ಹಿಡಿಯುವವರು ರೋಗಿಯೇ ಹೊರತು ಬೆಂಚಿನ ಮೇಲೆ ಕುಳಿತವರಲ್ಲ. ಆರೈಕೆ ಮಾಡುವವರ ದಣಿವಿಗೆ ಸಲ್ಲೇಖನವೆಂಬ ಹೆಸರು ಸಲ್ಲದು.

ತಾಯಿಗೆ ಪೂರ್ಣ ಎಚ್ಚರ ಮರಳಿದಾಗ ಮಗನು ಹಳೆಯ ಅಭ್ಯಾಸದಂತೆ, “ಏನೂ ಆಗಿಲ್ಲ ಅವ್ವ,” ಎಂದನು. ತಾಯಿ ಎರಡು ನಳಿಕೆಗಳನ್ನೂ ಕೈಯಿಂದ ಮುಟ್ಟಿ ನೋಡಿಕೊಂಡರು. “ಹೊಟ್ಟಿ ನಂದು ಅದ ತಮ್ಮಾ. ಏನು ಆಗ್ಯಾದ ಅಂತ ನನಗ ಯಾಕ ಹೇಳಂಗಿಲ್ಲ? ಗೊತ್ತಿದ್ರ ಅವತ್ತು ನಾ ಉಪವಾಸ ಹಿಡೀತಿದ್ದಿಲ್ಲ,” ಎಂದರು. ಮಗನಿಗೆ ಆಡಲು ಮಾತಿರಲಿಲ್ಲ. ತಾಯಿ ಹೆದರದಿರಲೆಂದು ಆಡಿದ ಆ ಒಂದು ಸುಳ್ಳೇ ತಾಯಿಯ ಎಚ್ಚರವನ್ನು ಕಸಿದುಕೊಂಡಿತ್ತು. ಅಹಿಂಸೆಗಾಗಿ ಸತ್ಯವನ್ನು ಬಿಟ್ಟೆನೆಂದು ಅವನು ಬಗೆದಿದ್ದನು, ಎರಡನ್ನೂ ಬಿಟ್ಟಿದ್ದನು.

ಆ ದಿನದಿಂದ ಮನೆಯ ನಡೆ ಬದಲಾಯಿತು. ಮಗನು ವೈದ್ಯರ ಎದುರು ತಾಯಿಯನ್ನೇ ಕೂರಿಸಿದನು. ವೈದ್ಯರೂ ಸಮಾಧಾನದಿಂದ ಎಲ್ಲವನ್ನೂ ಬಿಡಿಸಿ ಹೇಳಿದರು. ನಳಿಕೆಯು ರೋಗವನ್ನು ಕಳೆಯುವುದಿಲ್ಲ, ಕಾಲವನ್ನು ಕೊಡುತ್ತದೆ. ಕಲ್ಲು ಒಳಗೇ ಉಳಿದಿರುತ್ತದೆ. ಆರೇಳು ವಾರಗಳ ಬಳಿಕ ನಳಿಕೆಯ ಮೂಲಕ ಬಣ್ಣದ ಔಷಧ ಬಿಟ್ಟು ಚಿತ್ರ ತೆಗೆದು ನೋಡಬೇಕು. ಪಿತ್ತಕೋಶದ ನಾಳವು ತೆರೆದಿದ್ದರೆ ನಳಿಕೆ ತೆಗೆಯಬಹುದು. ಆದರೂ ಮತ್ತೆ ನೋವು ಬರುವ ಸಂಭವ ಉಳಿಯುತ್ತದೆ. ಮುಚ್ಚಿದ್ದರೆ ತೆಗೆಯುವಂತಿಲ್ಲ, ಎರಡು ಮೂರು ತಿಂಗಳಿಗೊಮ್ಮೆ ಬದಲಿಸುತ್ತಿರಬೇಕು, ಇಲ್ಲವೆ ಪಿತ್ತಕೋಶವನ್ನೇ ತೆಗೆಯಬೇಕು.

ಈ ಆಯ್ಕೆಯ ಬಗ್ಗೆ ವೈದ್ಯಲೋಕದಲ್ಲಿಯೂ ಬಹುಕಾಲ ಚರ್ಚೆ ನಡೆದಿದೆ. ಅಪಾಯದ ರೋಗಿಗೆ ನಳಿಕೆಯೇ ಸುರಕ್ಷಿತವೆಂದು ಅನೇಕರು ನಂಬಿದ್ದರು. ನೆದರ್‌ಲೆಂಡ್ಸಿನ 11 ಆಸ್ಪತ್ರೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಪಾಯ ಹೆಚ್ಚಿದ್ದ 142 ರೋಗಿಗಳನ್ನು ಸೇರಿಸಿಕೊಂಡು, ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಲ್ಯಾಪರೋಸ್ಕೋಪಿಕ್ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ನಳಿಕೆ. ಒಂದು ವರ್ಷದೊಳಗೆ ದೊಡ್ಡ ತೊಡಕುಗಳು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ನೂರಕ್ಕೆ 12 ಮಂದಿಗೆ, ನಳಿಕೆಯ ಗುಂಪಿನಲ್ಲಿ ನೂರಕ್ಕೆ 65 ಮಂದಿಗೆ ಬಂದವು. ಪಿತ್ತದ ಕಾಯಿಲೆ ಮರುಕಳಿಸಿದ್ದು ಒಂದರಲ್ಲಿ ನೂರಕ್ಕೆ 5, ಇನ್ನೊಂದರಲ್ಲಿ ನೂರಕ್ಕೆ 53. ಮರಣದ ಪ್ರಮಾಣದಲ್ಲಿ ಮಾತ್ರ ನಿಶ್ಚಿತವಾದ ಅಂತರ ಕಾಣಲಿಲ್ಲ. ಅಂತರ ಅಷ್ಟು ಸ್ಪಷ್ಟವಾದ್ದರಿಂದ ಅಧ್ಯಯನವನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು. ಆದರೆ ರೋಗದ ತೀವ್ರತೆಯ ಅಂಕವು ಬಹಳ ಮೇಲಿದ್ದವರನ್ನು ಅದರಲ್ಲಿ ಸೇರಿಸಿರಲಿಲ್ಲ. ಆದುದರಿಂದ ನಳಿಕೆ ಬೇಡವೇ ಬೇಡವೆಂದು ಅದರಿಂದ ಹೇಳಲಾಗದು. ಶಸ್ತ್ರಚಿಕಿತ್ಸೆಯನ್ನು ತಾಳುವವರಿಗೆ ಕೇವಲ ಹೆದರಿಕೆಯಿಂದ ನಳಿಕೆ ಹಾಕಿಸಬಾರದೆಂದು ಹೇಳಬಹುದು.

ಇನ್ನೊಂದು ದಾರಿಯೂ ತೆರೆದಿದೆ. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಜಠರದಿಂದ ಅಥವಾ ಸಣ್ಣಕರುಳಿನ ಮೊದಲ ಭಾಗದಿಂದ ಪಿತ್ತಕೋಶಕ್ಕೆ ಒಳಗೊಳಗೇ ಸ್ಟೆಂಟ್ ಇಡುವ ವಿಧಾನವದು. 2020ರಲ್ಲಿ ಪ್ರಕಟವಾದ, 80 ರೋಗಿಗಳ ಅಧ್ಯಯನವೊಂದರಲ್ಲಿ ಒಂದು ವರ್ಷದೊಳಗಿನ ತೊಡಕುಗಳು ಈ ವಿಧಾನದಲ್ಲಿ ನೂರಕ್ಕೆ ಸುಮಾರು 26, ಚರ್ಮದ ಮೂಲಕ ಹಾಕಿದ ನಳಿಕೆಯಲ್ಲಿ ನೂರಕ್ಕೆ ಸುಮಾರು 78 ಇದ್ದವು. ಇದಕ್ಕೆ ವಿಶೇಷ ಪರಿಣತಿಯೂ ಸಲಕರಣೆಯೂ ಬೇಕು. ಎಲ್ಲ ಊರಿನಲ್ಲಿಯೂ ದೊರೆಯುವುದಿಲ್ಲ. ವಸ್ತುವೊಂದಕ್ಕೆ ಹಲವು ಮುಖಗಳೆಂಬ ಅನೇಕಾಂತದ ಪಾಠವು ಇಲ್ಲಿಗೂ ಸಲ್ಲುತ್ತದೆ. ಶಸ್ತ್ರವೈದ್ಯರು, ಹೃದಯದ ವೈದ್ಯರು, ಅರಿವಳಿಕೆಯವರು, ನಳಿಕೆ ಹಾಕುವವರು ಒಂದೊಂದು ಮುಖವನ್ನು ಕಾಣುತ್ತಾರೆ. ರೋಗಿಯು ಕಾಣುವ ಮುಖ ಇನ್ನೊಂದು. ಅದನ್ನು ಬಿಟ್ಟರೆ ಉಳಿದವೆಲ್ಲವೂ ಅಪೂರ್ಣ.

ದಂಡೋತಿಯ ಮನೆಗೆ ಎರಡನೆಯ ಸಲ ನಳಿಕೆಯೊಡನೆ ಬಂದಾಗ, ಸೊಸೆ ಒಂದು ನೋಟುಪುಸ್ತಕವನ್ನಿಟ್ಟಳು. ದಿನವೂ ಚೀಲದಲ್ಲಿ ತುಂಬಿದ ಅಳತೆ, ಬಣ್ಣ, ಮೈಕಾವು, ಕುಡಿದ ನೀರು, ಹೋದ ಮೂತ್ರ ಎಲ್ಲವನ್ನೂ ಬರೆದಳು. ಮುನಿಗಳಿಗೆ ವಿಧಿಸಿದ ಐದು ಸಮಿತಿಗಳು ತನ್ನ ಕೈಯ ಕೆಲಸಕ್ಕೆ ಇಷ್ಟು ಹತ್ತಿರವೆಂದು ಅವಳಿಗೆ ಮೊದಲು ತೋರಿರಲಿಲ್ಲ. ನೋಡಿ ನಡೆಯುವುದು ಈರ್ಯಾಸಮಿತಿ: ಅತ್ತೆಯನ್ನು ಎಬ್ಬಿಸುವ ಮುನ್ನ ಚೀಲವೆಲ್ಲಿದೆಯೆಂದು ನೋಡುವುದು. ವಸ್ತುವನ್ನು ಎಚ್ಚರದಿಂದ ಎತ್ತಿ ಇಡುವುದು ಆದಾನನಿಕ್ಷೇಪಣ ಸಮಿತಿ: ಚೀಲವನ್ನು ಸೊಂಟಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ ತೂಗಿಸುವುದು, ನಳಿಕೆಯನ್ನು ಚರ್ಮಕ್ಕೆ ಎರಡು ಕಡೆ ಪಟ್ಟಿಯಿಂದ ಅಂಟಿಸುವುದು. ದೇಹದ ಮಲವನ್ನು ಜೀವಿಗಳಿಗೆ ಬಾಧೆಯಾಗದಂತೆ ವಿಸರ್ಜಿಸುವುದು ಉತ್ಸರ್ಗ ಸಮಿತಿ: ಚೀಲವು ಅರ್ಧ ತುಂಬಿದೊಡನೆ ಕೈತೊಳೆದು ಖಾಲಿ ಮಾಡುವುದು, ತೆರೆದ ಚರಂಡಿಗೆ ಚೆಲ್ಲದೆ ಶೌಚಾಲಯದಲ್ಲಿ ಹಾಕಿ ನೀರು ಬಿಡುವುದು, ಮತ್ತೆ ಕೈತೊಳೆಯುವುದು. ವೈದ್ಯರು ಹೇಳಿದಷ್ಟು ಲವಣದ ನೀರನ್ನು ನಳಿಕೆಗೆ ಬಿಡಲು ಆಸ್ಪತ್ರೆಯ ದಾದಿಯಿಂದಲೇ ಕಲಿತುಬಂದಿದ್ದಳು; ಹಿಂದಕ್ಕೆ ಎಳೆಯುವಂತಿಲ್ಲ, ತಡೆದರೆ ಒತ್ತುವಂತಿಲ್ಲ.

ಗೋಡೆಗೆ ಒಂದು ಕಾಗದವನ್ನೂ ಅಂಟಿಸಿದರು. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಚಳಿಜ್ವರ ಬಂದರೆ, ಹೊಟ್ಟೆನೋವು ಹೆಚ್ಚಿದರೆ, ಹರಿಯುತ್ತಿದ್ದ ರಸ ಥಟ್ಟನೆ ನಿಂತರೆ, ಚೀಲದಲ್ಲಿ ರಕ್ತ ಕಂಡರೆ, ಕಣ್ಣು ಹಳದಿಯಾದರೆ, ನಳಿಕೆಯ ಸುತ್ತ ಸೋರಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ನಳಿಕೆ ಜಾರಿದರೆ ಹಿಂದಕ್ಕೆ ತಳ್ಳಬಾರದು. ಶುದ್ಧವಾದ ಬಟ್ಟೆ ಮುಚ್ಚಿ, ಏನನ್ನೂ ತಿನ್ನಿಸದೆ, ತಡಮಾಡದೆ ಹೊರಡಬೇಕು. ಅದರ ಕೆಳಗೆ ಮಗನು ತನ್ನ ಕೈಯಿಂದ ಇನ್ನೊಂದು ಸಾಲು ಸೇರಿಸಿದನು: ನದಿ ಏರುವ ಸುದ್ದಿ ಬಂದರೆ ಮುನ್ನಾದಿನವೇ ಕಲಬುರಗಿಯ ಅಕ್ಕನ ಮನೆಗೆ ಹೋಗಬೇಕು.

ಉಪವಾಸದ ಮಾತನ್ನೂ ತಾಯಿಯೇ ಇತ್ಯರ್ಥ ಮಾಡಿಕೊಂಡರು. ಆರೋಗ್ಯ ಮರಳುವವರೆಗೆ ನಿರಾಹಾರದ ಬದಲು ರಸತ್ಯಾಗವನ್ನು ಹಿಡಿದರು. ಒಂದು ದಿನ ಬೆಲ್ಲ, ಒಂದು ದಿನ ತುಪ್ಪ. ನೀರಿನ ಅಳತೆಯನ್ನು ಸೂರ್ಯಾಸ್ತಕ್ಕೆ ಮುನ್ನ ಮುಗಿಸುವಂತೆ ವೈದ್ಯರೊಡನೆ ಕುಳಿತು ಗೊತ್ತುಮಾಡಿಕೊಂಡರು. ಜ್ವರ ಬಂದ ದಿನ ರಾತ್ರಿಯೂ ಕುಡಿಯುವುದೆಂದು ಒಪ್ಪಿದರು. ತಿಳಿಸಿ ಹೇಳಿದರೆ ಹಿರಿಯರು ಅರ್ಥಮಾಡಿಕೊಳ್ಳುವುದಿಲ್ಲವೆಂಬುದು ಕಿರಿಯರ ತಪ್ಪು ತಿಳಿವಳಿಕೆ.

ಏಳನೆಯ ವಾರದ ಚಿತ್ರದಲ್ಲಿ ನಾಳವು ಇನ್ನೂ ಮುಚ್ಚಿತ್ತು. ಮೂರು ತಿಂಗಳಿಗೊಮ್ಮೆ ನಳಿಕೆ ಬದಲಿಸಿಕೊಂಡಿರುವುದೋ, ಸ್ಟೆಂಟಿಗೆ ಒಂದು ವರ್ಷ ತುಂಬಿ ಹೃದಯದ ವೈದ್ಯರು ಒಪ್ಪಿದ ಮೇಲೆ ಪಿತ್ತಕೋಶವನ್ನು ತೆಗೆಸುವುದೋ ಎಂದು ತಾಯಿಯನ್ನೇ ಕೇಳಿದರು. ಪ್ರಾಣಾಪಾಯದ ಸಂಭವವನ್ನೂ ಮರೆಮಾಚಲಿಲ್ಲ. ತಾಯಿ ಎರಡು ದಿನ ವಿಚಾರ ಮಾಡಿದರು. ಆಮೇಲೆ, “ತೆಗೀರಿ. ಉಳಿದರ ಮಳಖೇಡಕ್ಕ ನಡದು ಹೋಗತೀನಿ. ಉಳೀಲಿಲ್ಲಂದ್ರ ಕ್ಷಮಾ ಕೇಳಿ ಹೋಗತೀನಿ, ಯಾರ ಮ್ಯಾಲೂ ಸಿಟ್ಟಿಲ್ಲ,” ಎಂದರು. ಒಳಗೆ ಹೋಗುವ ಮುನ್ನ ಮಗ, ಸೊಸೆ, ದಾದಿ ಎಲ್ಲರಿಗೂ ಕೈಮುಗಿದು ಕ್ಷಮಾಪಣೆ ಕೇಳಿದರು. ಮೊದಲ ಸಲ ಅವರಿಗೆ ಈ ಅವಕಾಶ ದೊರೆತಿರಲಿಲ್ಲ. ಶಸ್ತ್ರಚಿಕಿತ್ಸೆ ನೆಟ್ಟಗಾಯಿತು. ಮಳಖೇಡಕ್ಕೆ ನಡೆದು ಹೋಗಲಾಗಲಿಲ್ಲ. ಬಸ್ಸಿನಲ್ಲಿ ಹೋಗಿ ನೇಮಿನಾಥಸ್ವಾಮಿಯ ದರ್ಶನ ಮಾಡಿ ಬಂದರು.

ಕಡೆಗೆ ಬಸದಿಗಳ ಟ್ರಸ್ಟುಗಳಿಗೆ ಸಂಬಂಧಿಸಿದ ಒಂದು ಸಂಗತಿ. ಈ ಮನೆಗೆ ಟ್ರಸ್ಟೊಂದು ವೈದ್ಯಕೀಯ ನೆರವು ಕೊಟ್ಟಿತ್ತು. ನಿಯಮದಲ್ಲಿದ್ದುದು ‘ಆಸ್ಪತ್ರೆಯ ಬಿಲ್ಲು’ ಎಂಬ ಒಂದೇ ಮಾತು. ಮರಳಿ ತೋರಿಸುವ ಪ್ರಯಾಣಕ್ಕೆ, ನಳಿಕೆಯ ಬದಲಾವಣೆಗೆ, ಬಣ್ಣದ ಚಿತ್ರಕ್ಕೆ, ಮನೆಯಲ್ಲಿ ಒಂದು ವಾರ ದಾದಿಯನ್ನಿಡುವುದಕ್ಕೆ ಅದರಲ್ಲಿ ಎಡೆಯಿರಲಿಲ್ಲ. ಈ ವರ್ತಕನಿಗೆ ಅದು ಹೊರೆಯಾಗಲಿಲ್ಲ. ಕೂಲಿಯ ಮನೆಗೆ ಆಗುತ್ತಿತ್ತು, ಮತ್ತು ಆ ಮನೆಯವರು ಹಣವಿಲ್ಲದೆ ಆರನೆಯ ವಾರ ಆಸ್ಪತ್ರೆಗೆ ಮರಳುತ್ತಿರಲಿಲ್ಲ. ದಾನವು ಸೂಜಿ ಚುಚ್ಚುವ ದಿನಕ್ಕೆ ಮುಗಿದು, ತೊಡಕು ಹುಟ್ಟುವ ಆರು ವಾರಗಳಿಗೆ ಒದಗದಿದ್ದರೆ ಅರ್ಧವೇ ಸರಿ. ಔಷಧದಾನದ ನಿಧಿಯಿರುವ ಟ್ರಸ್ಟುಗಳು ನೆರವಿನ ಅರ್ಜಿಯಲ್ಲಿಯೇ ಮೂರು ಸಾಲುಗಳನ್ನು ಸೇರಿಸಬಹುದು: ಮುಂದಿನ ಭೇಟಿ ಎಂದು, ಕೊನೆಯ ಚಿಕಿತ್ಸೆ ಯಾವುದು, ರೋಗಿಗೆ ಸ್ವತಃ ತಿಳಿಸಲಾಗಿದೆಯೆ. ಬರೆಯಲು ಎರಡು ನಿಮಿಷ ಸಾಕು. ಉತ್ತರ ತಿಳಿಯದಿದ್ದವರು ಹೋಗಿ ಕೇಳಿ ಬರುತ್ತಾರೆ. ಕೇಳಿ ಬರುವುದೇ ಲಾಭ.

ದಂಡೋತಿಯ ಆ ಮನೆಯಲ್ಲಿ ನೋಟುಪುಸ್ತಕ ಇನ್ನೂ ಇದೆ. ನೆರೆಯ ಮನೆಯೊಂದರಲ್ಲಿ ವೃದ್ಧರೊಬ್ಬರಿಗೆ ಮೂತ್ರದ ನಳಿಕೆ ಹಾಕಿ ಕಳಿಸಿದಾಗ, ಸೊಸೆ ಅದನ್ನು ಹಿಡಿದುಕೊಂಡು ಅಲ್ಲಿಗೆ ಹೋದಳು. ಮೊದಲು ಕೇಳಿದ್ದು ಮನೆಯವರನ್ನಲ್ಲ, ಮಂಚದ ಮೇಲಿದ್ದ ಹಿರಿಯರನ್ನು: “ಕಾಕಾ, ಇದನ್ನ ಯಾವಾಗ ತೆಗೀತಾರಂತ ನಿಮಗ ಹೇಳ್ಯಾರೇನ್ರೀ?”